ಕಂಡ ಚಿತ್ರವನ್ನೇ ಮತ್ತೆ ಕಾಣುವುದು: ಮರುನೋಟದ ಇತಿಹಾಸವನ್ನು ಕುರಿತು ಕೆಲವು ವಿಚಾರಗಳು

೧. ವಿಷಯಪ್ರವೇಶ

"ನಿಮಗೆ ಅತ್ಯಂತ ಪ್ರಿಯವಾದ ಚಲಚ್ಚಿತ್ರ ಯಾವುದು?" ಎಂದು ನಾಲ್ಕು ಜನ ಕುಳಿತಲ್ಲಿ ಯಾರಾದರೊಬ್ಬರು ಕೇಳಿದರೆ ಸಾಕು, ಆ ಹೊತ್ತಿನ ಮಾತಿಗೆ ಬೇರೆ ವಿಷಯ ಬೇಕಾಗುವುದಿಲ್ಲ. ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಾಗಲಿ, ವಿದ್ಯಾರ್ಥಿನಿಲಯದ ಜಗುಲಿಯಲ್ಲಾಗಲಿ, ಮದುವೆಯ ಮನೆಯಲ್ಲಿ ಊಟದ ಪಂಕ್ತಿಗೆ ಕಾದು ನಿಂತಿರುವಾಗಲಾಗಲಿ, ಈ ಪ್ರಶ್ನೆಗೆ ದೊರೆಯುವ ಉತ್ತರಗಳನ್ನು ನಾವು ಕೆಲವು ಕಾಲದಿಂದ ಗಮನವಿಟ್ಟು ಕೇಳುತ್ತ ಬಂದಿದ್ದೇವೆ. ಅವುಗಳಲ್ಲಿ ಎರಡು ಅಂಶಗಳು ಎದ್ದು ಕಾಣುತ್ತವೆ. ಪ್ರಿಯವೆಂದು ಹೇಳಲಾದ ಚಿತ್ರವು ಒಂದು ಸಲ ಕಂಡು ಬಿಟ್ಟುದಾಗಿರದೆ, ಬಹುಮಟ್ಟಿಗೆ ಹಲವು ಸಲ ಕಂಡುದೇ ಆಗಿರುತ್ತದೆ ಎಂಬುದು ಮೊದಲನೆಯದು. ಏಕೆ ಪ್ರಿಯವೆಂದು ಮುಂದುವರಿದು ಕೇಳಿದಾಗ, ಹೇಳುವವರು ಕಥೆಯಿಂದ ಆರಂಭಿಸುವುದು ಅಪರೂಪ. ಯಾವ ಊರಿನಲ್ಲಿ, ಯಾರ ಪಕ್ಕದಲ್ಲಿ ಕುಳಿತು, ಎಷ್ಟನೆಯ ವಯಸ್ಸಿನಲ್ಲಿ ಕಂಡೆವು ಎಂಬಲ್ಲಿಂದ ಆರಂಭಿಸುತ್ತಾರೆ ಎಂಬುದು ಎರಡನೆಯದು.

ಚಲಚ್ಚಿತ್ರದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಬಿಡುಗಡೆಯ ವರ್ಷವನ್ನು ಗುರುತಿಸಿ, ನಿರ್ಮಾಪಕ, ನಿರ್ದೇಶಕ, ನಟವರ್ಗಗಳ ಹೆಸರನ್ನು ನಮೂದಿಸಿ, ಮುಂದಿನ ಚಿತ್ರಕ್ಕೆ ಸಾಗುವುದು ರೂಢಿ. ಈ ಕ್ರಮದಿಂದ ಪ್ರಯೋಜನವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಬಿಡುಗಡೆಯ ದಿನವೆಂಬುದು ಚಿತ್ರ ಹುಟ್ಟಿದ ದಿನವೇ ಹೊರತು ಅದರ ಆಯುಸ್ಸಲ್ಲ. ಹುಟ್ಟಿದ ಮೇಲೆ ಅದು ಎಲ್ಲೆಲ್ಲಿ ತಿರುಗಿತು, ಯಾರು ಅದನ್ನು ಮತ್ತೆ ಕರೆದರು, ಯಾವ ಹೊತ್ತಿನಲ್ಲಿ ಅದು ಮರೆಯಾಯಿತು ಎಂಬ ವಿಚಾರಗಳೂ ಇತಿಹಾಸಕ್ಕೆ ಸೇರಿದವು. ಕಂಡ ಚಿತ್ರವನ್ನೇ ಮತ್ತೆ ಕಾಣುವ ಈ ಕ್ರಿಯೆಗೆ 'ಮರುನೋಟ' ಎಂದು ಹೆಸರಿಟ್ಟುಕೊಂಡು, ಮುಖ್ಯವಾಗಿ ಕನ್ನಡ ಚಿತ್ರಗಳ ಆಧಾರದ ಮೇಲೆ ಅದರ ಸ್ವರೂಪವನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಜನರು ಮರುನೋಟಕ್ಕೆ ಹೋಗುವುದು ಕಥೆಯನ್ನು ತಿಳಿಯುವುದಕ್ಕಲ್ಲ. ತಮ್ಮ ಬಾಳನ್ನು ಆ ಕಥೆಯ ಪಕ್ಕದಲ್ಲಿಟ್ಟು ನೋಡುವುದಕ್ಕೆ, ಮತ್ತು ಅದನ್ನು ಇನ್ನೊಬ್ಬರಿಗೆ ಒಪ್ಪಿಸುವುದಕ್ಕೆ. ಆದುದರಿಂದ ಮರುನೋಟವು ಸಾಮಾನ್ಯ ಜನರ ಇತಿಹಾಸಕ್ಕೆ ಒಂದು ಆಕರವಾಗಬಲ್ಲುದು ಎಂಬುದೇ ನಮ್ಮ ವಾದ.

೨. ಬಲ್ಲ ಕಥೆಯ ಸವಿ

ಬಲ್ಲ ಕಥೆಯನ್ನು ಮತ್ತೆ ನೋಡುವುದರಲ್ಲಿ ಏನು ಸ್ವಾರಸ್ಯವೆಂಬ ಸಂಶಯ ಈಚಿನದು. ಭರತನ ನಾಟ್ಯಶಾಸ್ತ್ರವು ದಶರೂಪಕಗಳಲ್ಲಿ ಮೊದಲನೆಯದಾದ 'ನಾಟಕ'ಕ್ಕೆ ಪ್ರಖ್ಯಾತವಾದ ವಸ್ತುವನ್ನೇ ವಿಧಿಸುತ್ತದೆ. ಕವಿ ತಾನೇ ಕಲ್ಪಿಸಿದ ವಸ್ತುವಿಗೆ 'ಪ್ರಕರಣ'ದಲ್ಲಿ ಎಡೆಮಾಡಿಕೊಡುತ್ತದೆ. ಎಂದರೆ, ಪ್ರೇಕ್ಷಕನು ಕಥೆಯನ್ನು ಮೊದಲೇ ಬಲ್ಲನೆಂಬುದು ಅಲ್ಲಿ ಕೊರತೆಯಲ್ಲ, ಅಪೇಕ್ಷಿತವಾದ ಸ್ಥಿತಿ. ಮುಂದೇನಾಗುವುದೋ ಎಂಬ ಆತುರ ಅಡಗಿದ ಮನಸ್ಸು ರಸಕ್ಕೆ ಹೆಚ್ಚು ತೆರೆದುಕೊಂಡಿರುತ್ತದೆ.

ಕನ್ನಡನಾಡಿನ ಜನಜೀವನವೂ ಈ ಮಾತಿಗೆ ಸಾಕ್ಷಿ. ಊರ ಚಾವಡಿಯಲ್ಲಿ ಗಮಕಿಗಳು ಕುಮಾರವ್ಯಾಸಭಾರತವನ್ನು ವಾಚನ ಮಾಡುವಾಗ ಕರ್ಣನು ಕೊನೆಗೆ ಏನಾಗುವನೆಂದು ತಿಳಿಯದವರು ಯಾರೂ ಕುಳಿತಿರುತ್ತಿರಲಿಲ್ಲ. ಕರಾವಳಿಯ ತಾಳಮದ್ದಳೆಯಲ್ಲಿ ಪ್ರಸಂಗ ಒಂದೇ. ಅರ್ಥಧಾರಿಯ ಮಾತು ಮಾತ್ರ ದಿನಕ್ಕೊಂದು ಬಗೆ, ಮತ್ತು ಆ ಬಗೆಯನ್ನು ಸವಿಯುವುದಕ್ಕಾಗಿಯೇ ಜನ ಇರುಳು ಕಳೆಯುತ್ತಾರೆ. ವೃತ್ತಿನಾಟಕ ಕಂಪೆನಿಗಳ ಕಾಲದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣಿಸಿತು. ಮೆಚ್ಚಿದ ಹಾಡು ಮುಗಿದೊಡನೆ ಪ್ರೇಕ್ಷಕರು 'ವನ್ಸ್ ಮೋರ್' ಎಂದು ಕೂಗುವರು. ಆ ಕ್ಷಣದ ಹಿಂದೆ ಪ್ರಾಣಬಿಟ್ಟ ಪಾತ್ರಧಾರಿಯೂ ಎದ್ದು ನಿಂತು ಇನ್ನೊಮ್ಮೆ ಹಾಡಬೇಕಾಗುವುದು. ಕಥೆಯ ನಂಬಿಕೆ ಕೆಟ್ಟಿತೆಂದು ಯಾರೂ ಆಕ್ಷೇಪಿಸುತ್ತಿರಲಿಲ್ಲ. ಮರುನೋಟದ ಬಯಕೆ ಹೀಗೆ ಒಂದೇ ಇರುಳಿನ ಆಟದೊಳಗೇ ತನ್ನ ಪಾಲನ್ನು ಕೇಳಿ ಪಡೆಯುತ್ತಿತ್ತು.

ಕನ್ನಡ ವಾಕ್ಚಿತ್ರ ಹುಟ್ಟಿದುದು ಈ ಪ್ರೇಕ್ಷಕವರ್ಗದ ಮುಂದೆ. ೧೯೩೪ರ ಮಾರ್ಚ್ ೩ರಂದು ಬೆಂಗಳೂರಿನಲ್ಲಿ ತೆರೆಕಂಡ 'ಸತಿ ಸುಲೋಚನ' ರಾಮಾಯಣದ ಕಥೆ, ವೈ. ವಿ. ರಾವ್ ನಿರ್ದೇಶಿಸಿದ ಆ ಚಿತ್ರದಲ್ಲಿ ಅಭಿನಯಿಸಿದ ಎಂ. ವಿ. ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾವ್ ಮೊದಲಾದವರು ರಂಗಭೂಮಿಯಿಂದ ಬಂದವರು. ಇಪ್ಪತ್ತು ವರ್ಷಗಳ ತರುವಾಯ, ೧೯೫೪ರಲ್ಲಿ, ಎಚ್. ಎಲ್. ಎನ್. ಸಿಂಹರ 'ಬೇಡರ ಕಣ್ಣಪ್ಪ'ದ ಮೂಲಕ ರಾಜ್‌ಕುಮಾರರು ನಾಯಕಪಾತ್ರಕ್ಕೆ ಬಂದಾಗಲೂ ಕಥೆ ಭಕ್ತಸಮುದಾಯಕ್ಕೆ ಚಿರಪರಿಚಿತವಾಗಿತ್ತು. ಹೀಗಿರುವಲ್ಲಿ, ಅಂದಿನ ಪ್ರೇಕ್ಷಕನ ಪಾಲಿಗೆ ಮೊದಲ ನೋಟವೇ ಒಂದು ಬಗೆಯ ಮರುನೋಟವಾಗಿತ್ತೆಂದರೆ ತಪ್ಪಾಗಲಾರದು.

೩. ಎರಡನೆಯ ನೋಟ ಕಾಣುವುದೇನು?

ಪುರಾಣದ ಕಥೆಗೆ ಸಲ್ಲುವ ಈ ಮಾತು ಸಾಮಾಜಿಕ ಕಥೆಗೂ ಸಲ್ಲುವುದೇ ಎಂಬ ಪ್ರಶ್ನೆ ಏಳಬಹುದು. ಅಮೆರಿಕೆಯ ಮನೋವಿಜ್ಞಾನಿಗಳಾದ ಜೊನಾಥನ್ ಲೀವಿಟ್ ಮತ್ತು ನಿಕೊಲಸ್ ಕ್ರಿಸ್ಟೆನ್‌ಫೆಲ್ಡ್ ೨೦೧೧ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಸಣ್ಣಕಥೆಯ ಅಂತ್ಯವನ್ನು ಮೊದಲೇ ತಿಳಿಸಿದ ಓದುಗರು ಅದನ್ನು ಕಡಿಮೆ ಮೆಚ್ಚಲಿಲ್ಲ, ಬದಲಾಗಿ ಸ್ವಲ್ಪ ಹೆಚ್ಚಾಗಿಯೇ ಮೆಚ್ಚಿದರೆಂದು ಕಂಡುಬಂದಿತು. ಆಮೇಲೆ ಬೇರೆಯವರು ನಡೆಸಿದ ಪರೀಕ್ಷೆಗಳು ಇದನ್ನು ಪೂರ್ಣವಾಗಿ ಸಮರ್ಥಿಸಿಲ್ಲವಾದುದರಿಂದ, ಈ ಒಂದರ ಮೇಲೆ ಭಾರ ಹಾಕುವುದು ಉಚಿತವಲ್ಲ. ನಮ್ಮಲ್ಲಿಯೇ ಒಂದು ನಿದರ್ಶನವನ್ನು ತೆಗೆದುಕೊಂಡು ನೋಡೋಣ.

೧೯೭೧ರಲ್ಲಿ ದೊರೆ-ಭಗವಾನ್ ನಿರ್ದೇಶಿಸಿದ 'ಕಸ್ತೂರಿ ನಿವಾಸ'ದ ನಾಯಕ ರವಿವರ್ಮ ಬೆಂಕಿಪೆಟ್ಟಿಗೆಯ ಕಾರ್ಖಾನೆಯ ಒಡೆಯ, ಬೇಡಿದವರಿಗೆ ಇಲ್ಲವೆನ್ನದವನು. ದೆಸೆಗೆಟ್ಟು ಎಲ್ಲವನ್ನೂ ಕಳೆದುಕೊಂಡ ಮೇಲೆ, ಒಂದು ಕಾಲಕ್ಕೆ ಅವನ ಬಳಿ ಕೆಲಸದಲ್ಲಿದ್ದ ನೀಲಾ ಅವನ ಮನೆಗೆ ಬರುತ್ತಾಳೆ. ಆಕೆಯ ಊಟಕ್ಕಾಗಿ ಅವನು ತಾನು ಸಾಕಿದ ಪಾರಿವಾಳವನ್ನೇ ಮಾರಿರುತ್ತಾನೆ. ಆಕೆ ಬಂದುದು ತನ್ನ ಮಗುವಿಗಾಗಿ ಆ ಪಾರಿವಾಳವನ್ನು ಕೇಳುವುದಕ್ಕೆ. ಮೊದಲ ಸಲ ನೋಡುವವನಿಗೆ ಈ ಸಂಗತಿ ಕೊನೆಯಲ್ಲಿ ಒಮ್ಮೆಲೆ ಬಂದು ತಾಗುತ್ತದೆ. ಎರಡನೆಯ ಸಲ ನೋಡುವವನಿಗಾದರೋ, ನೀಲಾ ಹೊಸ್ತಿಲು ದಾಟಿ ಒಳಗೆ ಬಂದೊಡನೆಯೇ ಎದೆ ಭಾರವಾಗುತ್ತದೆ; ಅಷ್ಟೇ ಅಲ್ಲ, ಅದಕ್ಕೂ ಬಹಳ ಮೊದಲು, ಪಾರಿವಾಳ ತೆರೆಯ ಮೇಲೆ ಕಾಣಿಸಿಕೊಂಡಾಗಲೆಲ್ಲ ಆ ಕೊನೆಯ ಊಟ ನೆನಪಾಗುತ್ತದೆ. ಮೊದಲ ನೋಟ ಬೆರಗನ್ನು ಕೊಟ್ಟ ಎಡೆಯಲ್ಲಿ ಮರುನೋಟ ಕರುಣವನ್ನು ಕೊಡುತ್ತದೆ. ಮೊದಲ ನೋಟದವನು ನಾಯಕನೊಡನೆ ನಡೆಯುತ್ತಾನೆ. ಮರುನೋಟದವನು ನಾಯಕನಿಗಿಂತ ಹೆಚ್ಚು ಬಲ್ಲವನಾಗಿಯೂ ಅವನಿಗೆ ನೆರವಾಗಲಾರದೆ ಕುಳಿತಿರುತ್ತಾನೆ.

ಇತಿಹಾಸವನ್ನು ಬೋಧಿಸುವವರಿಗೆ ಈ ಸ್ಥಿತಿ ಹೊಸದಲ್ಲ. ತಾಳಿಕೋಟೆಯ ಕದನದ ಕೊನೆಯನ್ನು ಬಲ್ಲ ನಾವು, ಅಳಿಯ ರಾಮರಾಯನ ಒಂದೊಂದು ನಿರ್ಧಾರವನ್ನೂ ತರಗತಿಯಲ್ಲಿ ವಿವರಿಸುವುದು ಇದೇ ಮನಃಸ್ಥಿತಿಯಿಂದಲ್ಲವೇ?

೪. ಮರಳಿ ನೋಡುವ ಸೌಕರ್ಯ

ಬಯಕೆ ಇದ್ದ ಮಾತ್ರಕ್ಕೆ ಮರುನೋಟ ಒದಗುವುದಿಲ್ಲ. ಅದಕ್ಕೆ ಸಾಧನ ಬೇಕು. ದೂರದರ್ಶನ ಮನೆಮನೆಗೆ ಬರುವ ಮುನ್ನ ಒಂದು ಚಿತ್ರದ ಪ್ರತಿಗಳು ಎಣಿಕೆಗೆ ಸಿಗುವಷ್ಟೇ ಇರುತ್ತಿದ್ದುವು. ಅವು ಮೊದಲು ದೊಡ್ಡ ನಗರಗಳ ಚಿತ್ರಮಂದಿರಗಳಲ್ಲಿ ಓಡಿ, ಆಮೇಲೆ ಪಟ್ಟಣಗಳಿಗೆ ಇಳಿದು, ಕೊನೆಗೆ ಹಳ್ಳಿಯ ಟೂರಿಂಗ್ ಟಾಕೀಸಿನ ಡೇರೆಗೆ ಬರುವ ವೇಳೆಗೆ ತೆರೆಯ ಮೇಲೆ ಮಳೆ ಸುರಿದಂತೆ ಗೆರೆ ಬಿದ್ದಿರುತ್ತಿತ್ತು. ಮತ್ತೆ ನೋಡಬೇಕೆನಿಸಿದವನು ಚಿತ್ರ ಊರು ಬಿಡುವುದರೊಳಗೆ ನೋಡಬೇಕು, ಇಲ್ಲವೆ ಅದು ತಿರುಗಿ ಬರುವವರೆಗೆ ಕಾಯಬೇಕು.

ಈ ಹಿನ್ನೆಲೆಯಲ್ಲಿ ಕೆಲವು ಚಿತ್ರಗಳ ದೀರ್ಘ ಪ್ರದರ್ಶನವನ್ನು ಗಮನಿಸಬೇಕು. ೧೯೪೩ರ ಹಿಂದಿ ಚಿತ್ರ 'ಕಿಸ್ಮತ್' ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರಿತವಾದ 'ಶೋಲೆ' (೧೯೭೫) ಮುಂಬಯಿಯ ಮಿನರ್ವದಲ್ಲಿ ಐದು ವರ್ಷ ನಡೆಯಿತು. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ 'ಬಂಗಾರದ ಮನುಷ್ಯ' (೧೯೭೨) ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ನಡೆಯಿತು. ಇಲ್ಲಿ ಎಚ್ಚರ ಅಗತ್ಯ. ವಾರಗಳ ಲೆಕ್ಕ ಮಾರಾಟವಾದ ಟಿಕೇಟಿನ ಲೆಕ್ಕವೇ ಹೊರತು ಬಂದ ಜನರ ಲೆಕ್ಕವಲ್ಲ. ಹತ್ತು ಜನ ಒಂದೊಂದು ಸಲ ಬಂದರೂ, ಒಬ್ಬನು ಹತ್ತು ಸಲ ಬಂದರೂ ಟಿಕೇಟಿನ ಸಂಖ್ಯೆ ಒಂದೇ. ಆದರೂ ಒಂದೇ ಊರಿನ ಒಂದೇ ಮಂದಿರದಲ್ಲಿ ವರ್ಷಗಟ್ಟಲೆ ನಡೆದ ಆಟವನ್ನು ಮರುನೋಟವನ್ನು ಬಿಟ್ಟು ವಿವರಿಸುವುದು ಕಷ್ಟ.

ಕಣ್ಣಿಗೆ ಸಿಗದುದನ್ನು ಜನ ಕಿವಿಯಿಂದ ಪಡೆದುಕೊಂಡರೆಂಬುದೂ ಉಲ್ಲೇಖಾರ್ಹ. ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ, ರೇಡಿಯೋ, ಹೋಟೆಲುಗಳಲ್ಲಿಯೂ ಮದುವೆಯ ಚಪ್ಪರಗಳಲ್ಲಿಯೂ ಮೊಳಗುತ್ತಿದ್ದ ಗ್ರಾಮಫೋನು, ಇವೆಲ್ಲ ಮರುನೋಟದ ಉಪಸಾಧನಗಳೇ. 'ಶೋಲೆ'ಯ ಹಾಡುಗಳಲ್ಲದೆ ಸಂಭಾಷಣೆಯೂ ಧ್ವನಿಮುದ್ರಿಕೆಯಾಗಿ ಮಾರಾಟವಾಯಿತು. ಪಾತ್ರಗಳ ಮಾತನ್ನು ಒಪ್ಪಿಸಬಲ್ಲವರು ಊರೂರಿಗೂ ಹುಟ್ಟಿಕೊಂಡರು.

ಆಮೇಲೆ ದೂರದರ್ಶನ, ವಿಡಿಯೋ ಕ್ಯಾಸೆಟ್ಟು, ಖಾಸಗಿ ವಾಹಿನಿ, ಕೊನೆಗೆ ಕೈಯಲ್ಲಿ ಹಿಡಿಯುವ ಫೋನು, ಹೀಗೆ ಸೌಕರ್ಯ ಬೆಳೆಯುತ್ತ ಬಂದಿತು. ಬೇಕೆಂದಾಗ ಬೇಕಾದ ಚಿತ್ರ ಮನೆಯಲ್ಲೇ ಸಿಗುವಾಗ ಚಿತ್ರಮಂದಿರದ ಮರುಬಿಡುಗಡೆ ನಿಂತುಹೋಗಬೇಕಾಗಿತ್ತು. ಆದರೆ ಹಾಗಾಗಲಿಲ್ಲ. ಉಪೇಂದ್ರ ನಿರ್ದೇಶಿಸಿದ 'ಓಂ' (೧೯೯೫) ನೂರಾರು ಸಲ ಮರಳಿ ತೆರೆಗೆ ಬಂದಿದೆ. 'ಕಸ್ತೂರಿ ನಿವಾಸ' ೨೦೧೪ರಲ್ಲಿ ಬಣ್ಣ ತಳೆದು ಬಂದಿತು. ಪುನೀತ್ ರಾಜ್‌ಕುಮಾರ್ ಅಭಿನಯಿಸಿದ 'ಜಾಕಿ' ೨೦೨೪ರಲ್ಲಿಯೂ 'ಅಪ್ಪು' ೨೦೨೫ರಲ್ಲಿಯೂ ಮತ್ತೆ ಬಿಡುಗಡೆಯಾದುವು. ಇದರಿಂದ ವ್ಯಕ್ತವಾಗುವುದೇನೆಂದರೆ, ಜನರು ಚಿತ್ರವನ್ನು ಮಾತ್ರ ಹುಡುಕಿಕೊಂಡು ಬರುತ್ತಿಲ್ಲ. ಅದನ್ನು ತಮ್ಮಂತೆಯೇ ಬಲ್ಲ ಇತರರ ನಡುವೆ ಕುಳಿತುಕೊಳ್ಳುವುದನ್ನೂ ಹುಡುಕಿಕೊಂಡು ಬರುತ್ತಿದ್ದಾರೆ.

೫. ತೋರಿಸುವುದು ಮತ್ತು ನೆನೆಯುವುದು

ಮರುನೋಟದಲ್ಲಿ ಬಹುಭಾಗ ವಾಸ್ತವವಾಗಿ ನೋಡುವ ಕೆಲಸವಲ್ಲ, ತೋರಿಸುವ ಕೆಲಸ. ತಾನು ಕಂಡು ಮೆಚ್ಚಿದುದನ್ನು ಕಾಣದವರಿಗೆ ಕಾಣಿಸಬೇಕೆಂಬ ಬಯಕೆ ಮನುಷ್ಯನಿಗೆ ಸಹಜವಾದುದು. ಹಾಗೆ ಕರೆದುಕೊಂಡು ಹೋದವನು ತೆರೆಯನ್ನು ನೋಡುವುದಕ್ಕಿಂತ ಪಕ್ಕದವರ ಮುಖವನ್ನೇ ಹೆಚ್ಚು ನೋಡುತ್ತಿರುತ್ತಾನೆ. ನಗೆಯ ಸಂದರ್ಭ ಬರುವ ಮೊದಲೇ ಅವನ ತುಟಿ ಅರಳಿರುತ್ತದೆ. ಅವರು ನಕ್ಕರೆ ಅವನಿಗೆ ಗೆಲವು; ನಗದಿದ್ದರೆ ತನ್ನನ್ನೇ ಅಲ್ಲಗಳೆದಂತೆ ನೋವು. ಪ್ರಿಯವಾದ ಚಿತ್ರದ ಹೆಸರನ್ನು ಹೇಳುವುದರಲ್ಲಿ ಎಲ್ಲರಿಗೂ ತುಸು ಸಂಕೋಚವಿರುವುದು ಈ ಕಾರಣದಿಂದಲೇ ಇರಬೇಕು.

ಇಲ್ಲಿ ನಮ್ಮ ಮನೆಯ ಒಂದು ಪ್ರಸಂಗವನ್ನು ಹೇಳಲು ವಾಚಕರ ಅಪ್ಪಣೆ ಬೇಡುತ್ತೇವೆ. ನಮ್ಮ ತಾಯಿಯವರು 'ಬಂಗಾರದ ಮನುಷ್ಯ'ವನ್ನು ಮೊದಲು ಕಂಡುದು ಹುಡುಗಿಯಾಗಿದ್ದಾಗ, ತಮ್ಮ ತವರಿನ ಸಮೀಪದ ಟೆಂಟಿನಲ್ಲಿ, ನೆಲದ ಮೇಲೆ ಕುಳಿತು. ಕರೆದುಕೊಂಡು ಹೋದವರು ಅವರ ಅಣ್ಣ. ನಾವು ಆ ಚಿತ್ರವನ್ನು ಕಂಡುದು ತಾಯಿಯವರ ಜೊತೆಯಲ್ಲಿ, ಮನೆಯ ದೂರದರ್ಶನದಲ್ಲಿ, ಒಂದಲ್ಲ, ಹಲವು ಸಲ. ಅದು ಪ್ರಸಾರವಾಗುವ ದಿನ ಅವರು ಅಡಿಗೆಯ ಕೆಲಸವನ್ನು ಬೇಗನೆ ಮುಗಿಸಿ ಬಂದು ಕೂರುವರು. ಆದರೆ ಕಡೆಯಲ್ಲಿ, ಅಕ್ಕನ ಮನೆಗಾಗಿ ದುಡಿದ ರಾಜೀವನು ಊಟಕ್ಕೆ ಕುಳಿತಿರುವಾಗ ಅಳಿಯನ ಮಾತು ಕೇಳಿ ಅರ್ಧದಲ್ಲಿ ಎದ್ದು ಮನೆ ಬಿಟ್ಟು ಹೊರಡುವ ಸಂದರ್ಭ ಬರುವ ಮುನ್ನ, ಹಾಲು ಒಲೆಯ ಮೇಲಿದೆಯೆಂದು ಹೇಳಿ ಒಳಗೆ ಹೋಗುವರು. ಒಲೆಯ ಮೇಲೆ ಹಾಲು ಇರುತ್ತಿರಲಿಲ್ಲ.

ಹಲವು ವರ್ಷಗಳ ಮೇಲೆ ಆ ಭಾಗದ ಹಿಡುವಳಿಗಳನ್ನು ಕುರಿತು ಒಂದು ಪ್ರಬಂಧಕ್ಕೆ ಸಾಮಗ್ರಿ ಕೂಡಿಸುತ್ತಿದ್ದಾಗ, ತಾಯಿಯ ತವರಿನ ಟ್ರಂಕಿನಲ್ಲಿದ್ದ ಒಂದು ಪಾಲುಪಟ್ಟಿ ನಮ್ಮ ಕೈಗೆ ಬಂದಿತು. ಅದರಲ್ಲಿ ನಮ್ಮ ಹಿರಿಯ ಸೋದರಮಾವನವರು ತಮ್ಮ ಪಾಲಿನ ಭೂಮಿಯನ್ನು 'ಸ್ವಸಂತೋಷದಿಂದ ಬಿಟ್ಟುಕೊಟ್ಟಿರುತ್ತೇನೆ' ಎಂದು ಬರೆದು ರುಜು ಹಾಕಿದ್ದರು. ಅದನ್ನು ತಾಯಿಯವರಿಗೆ ತೋರಿಸಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಸಂತೋಷ ಎಲ್ಲಿ ಬಂತಪ್ಪ? ಅಣ್ಣ ಎಲೆ ಮುಂದೆ ಕೂತಿದ್ದ. ಮಾತಿಗೆ ಮಾತು ಬಂತು. ಕೈ ತೊಳಕೊಂಡು ಎದ್ದು ಹೋದೋನು ತಿರುಗಿ ಬರಲೇ ಇಲ್ಲ. ಆ ಸಿನಿಮಾದಲ್ಲಿ ಅದೊಂದು ನೋಡಕ್ಕಾಗಲ್ಲ ನನಗೆ." ಹಾಗಿದ್ದ ಮೇಲೆ ಅದನ್ನೇ ಮತ್ತೆ ಮತ್ತೆ ಏಕೆ ನೋಡುವಿರೆಂದು ಕೇಳಿದೆವು. "ಅಲ್ಲೀವರೆಗೆ ಅವನು ಮನೇಲೇ ಇರ್ತಾನಲ್ಲ" ಎಂದರು.

ಪಾಲುಪಟ್ಟಿ ಹೇಳದೆ ಬಿಟ್ಟುದನ್ನು, ಬದಲಿಸಿಯೂ ಬರೆದುದನ್ನು, ಒಂದು ಚಿತ್ರದ ಮರುನೋಟ ಇಷ್ಟು ವರ್ಷ ಕಾಪಾಡಿಕೊಂಡು ಬಂದಿತ್ತು. ಟೆಂಟಿನಲ್ಲಿ ಆ ಹುಡುಗಿ ಕಂಡುದು ತೆರೆಯ ಮೇಲಿನವರ ದುಃಖವನ್ನು. ಮನೆಯಲ್ಲಿ ನಮ್ಮ ತಾಯಿಯವರು ಕಾಣದೆ ಎದ್ದುಹೋಗುತ್ತಿದ್ದುದು ತಮ್ಮ ದುಃಖವನ್ನು. ಚಿತ್ರ ಒಂದೇ, ನಡುವೆ ಒಂದು ಸಂಸಾರದ ಇತಿಹಾಸ ನಡೆದುಹೋಗಿತ್ತು. ಜನರು ಮರಳಿ ಓದುವ, ಮರಳಿ ನೋಡುವ, ಮರಳಿ ಹೋಗುವ ಅಭ್ಯಾಸವನ್ನು ಕುರಿತು ಕ್ರಿಸ್ಟೆಲ್ ರಸೆಲ್ ಮತ್ತು ಸಿಡ್ನಿ ಲೆವಿ ಎಂಬ ವಿದ್ವಾಂಸರು ೨೦೧೨ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಸೂಚಿಸುತ್ತದೆ: ಮರಳುವವರು ಕಳೆದುದಕ್ಕೆ ಹಂಬಲಿಸುವವರು ಮಾತ್ರವಲ್ಲ, ಅಂದಿನ ತಾನು ಮತ್ತು ಇಂದಿನ ತಾನು ಇವೆರಡರ ಅಂತರವನ್ನು ಅಳೆದುಕೊಳ್ಳುವವರು.

ವ್ಯಕ್ತಿಯ ಪಾಲಿಗೆ ನಡೆದುದು ಕೆಲವೊಮ್ಮೆ ಇಡೀ ಸಮುದಾಯದ ಪಾಲಿಗೂ ನಡೆಯುತ್ತದೆ. ಎನ್. ಲಕ್ಷ್ಮೀನಾರಾಯಣ್ ಅವರ 'ಬೆಟ್ಟದ ಹೂವು' (೧೯೮೫) ಚಿತ್ರದಲ್ಲಿ ಬಾಲಕ ರಾಮು ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಗ್ರಂಥವನ್ನು ಕೊಳ್ಳುವುದಕ್ಕಾಗಿ ಹೂ ಸಂಗ್ರಹಿಸಿ ಮಾರಿ ಹಣ ಕೂಡಿಡುತ್ತಾನೆ. ಕೊನೆಗೆ ಪುಸ್ತಕವನ್ನು ಬಿಟ್ಟು ಮನೆಯವರಿಗಾಗಿ ಕಂಬಳಿಯನ್ನು ಕೊಳ್ಳುತ್ತಾನೆ. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಬಾಲಕನೇ ಪುನೀತ್ ರಾಜ್‌ಕುಮಾರ್. ಅವರು ೨೦೨೧ರ ಅಕ್ಟೋಬರ್ ೨೯ರಂದು ನಲವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡ ತರುವಾಯ ಆ ಚಿತ್ರವನ್ನು ನೋಡುವವರು, ಅದರಲ್ಲಿ ೧೯೮೫ರ ಪ್ರೇಕ್ಷಕರು ಕಾಣಲಾಗದಿದ್ದ ಒಂದನ್ನು ಕಾಣುತ್ತಾರೆ. ಚಿತ್ರದ ಒಂದು ಚೌಕಟ್ಟೂ ಬದಲಾಗಿಲ್ಲ. ಹುಡುಗ ಎಂದಿನಂತೆ ಬೆಟ್ಟ ಹತ್ತುತ್ತಾನೆ. ನೋಡುವವರು ಮಾತ್ರ ಬದಲಾಗಿದ್ದಾರೆ.

೬. ಆಕ್ಷೇಪಗಳು

ಮರುನೋಟವನ್ನು ಹೀಗೆ ಎತ್ತಿಹಿಡಿಯುವುದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಹಳೆಯದನ್ನೇ ಮತ್ತೆ ನೋಡುವವನು ಹೊಸದಕ್ಕೆ ಬಾಗಿಲು ಮುಚ್ಚುತ್ತಾನೆ, ಕಳೆದ ಕಾಲವನ್ನೆಲ್ಲ ಬಂಗಾರವೆಂದು ತಿಳಿಯುತ್ತಾನೆ ಎಂಬುದು ಒಂದು. ಈ ಅಪಾಯ ಉಂಟು. ಆದರೆ ಮರುನೋಟವು ಭ್ರಮೆಯನ್ನು ಬೆಳಸುವಂತೆಯೇ ಹರಿಯುವುದೂ ಉಂಟು. ಹುಣಸೂರು ಕೃಷ್ಣಮೂರ್ತಿಯವರ 'ಸತ್ಯ ಹರಿಶ್ಚಂದ್ರ'ವನ್ನು (೧೯೬೫) ಕುರಿತು ಮಾತನಾಡುವಾಗ ನಮ್ಮ ವಿದ್ಯಾರ್ಥಿನಿಯೊಬ್ಬಳು, "ಸತ್ಯ ರಾಜನದು; ಮಾರಾಟವಾದವಳು ಚಂದ್ರಮತಿ. ಅವಳನ್ನು ಯಾರಾದರೂ ಕೇಳಿದರೇ?" ಎಂದಳು. ಅವಳ ಅಜ್ಜಿ ಕಣ್ಣೀರು ಸುರಿಸಿದ ದೃಶ್ಯವೇ ಅವಳಲ್ಲಿ ಈ ಪ್ರಶ್ನೆಯನ್ನು ಎಬ್ಬಿಸಿತು. ಅದೇ ಚಿತ್ರದ, ಕುಲದ ಹಿರಿಮೆಯನ್ನು ಪ್ರಶ್ನಿಸುವ ಸ್ಮಶಾನದ ಹಾಡಾದರೋ ಅಜ್ಜಿಗೂ ಮೊಮ್ಮಗಳಿಗೂ ಸಮಾನವಾಗಿ ಪ್ರಿಯ. ಒಂದೇ ಚಿತ್ರದೊಳಗೆ ಯಾವುದು ಉಳಿಯಿತು, ಯಾವುದು ಪ್ರಶ್ನೆಗೆ ಒಳಗಾಯಿತು ಎಂಬುದನ್ನು ಗುರುತಿಸಿದರೆ, ಎರಡು ತಲೆಮಾರುಗಳ ಮೌಲ್ಯಗಳ ಅಂತರ ತಾನಾಗಿಯೇ ತಿಳಿಯುತ್ತದೆ.

ಇನ್ನೊಂದು ಆಕ್ಷೇಪ ಬಣ್ಣ ಹಚ್ಚುವುದಕ್ಕೆ ಸಂಬಂಧಿಸಿದುದು. ಹಿಂದಿಯ 'ಮೊಘಲ್-ಎ-ಆಜಮ್' ೨೦೦೪ರಲ್ಲಿ, 'ಸತ್ಯ ಹರಿಶ್ಚಂದ್ರ' ೨೦೦೮ರಲ್ಲಿ, ತೆಲುಗಿನ 'ಮಾಯಾಬಜಾರ್' ೨೦೧೦ರಲ್ಲಿ ಬಣ್ಣ ತಳೆದು ಮತ್ತೆ ಬಂದುವು. ಇದರಿಂದ ಹೊಸ ಪೀಳಿಗೆ ಹಳೆಯ ಚಿತ್ರದ ಬಳಿಗೆ ಬಂದಿತೆಂಬುದು ನಿಜ. ಆದರೆ ಕಪ್ಪು-ಬಿಳುಪಿಗೆಂದು ಹೊಂದಿಸಿದ ಬೆಳಕು, ಉಡುಪು, ನೆರಳುಗಳು ಬಣ್ಣದಲ್ಲಿ ಬೇರೆಯೇ ಆಗುತ್ತವೆ. ಇತಿಹಾಸಕಾರನ ದೃಷ್ಟಿಯಲ್ಲಿ ಬಣ್ಣದ ಪ್ರತಿಯೂ ಒಂದು ದಾಖಲೆಯೇ. ಆದರೆ ಅದು ೧೯೬೫ರ ದಾಖಲೆಯಲ್ಲ, ೨೦೦೮ರ ದಾಖಲೆ. ಶಾಸನದ ಪಾಠವನ್ನು ತಿದ್ದಿ ಮುದ್ರಿಸಿದವನು ಮೂಲ ಕಲ್ಲನ್ನು ಒಡೆದುಹಾಕಬಾರದಷ್ಟೆ. ಇಲ್ಲಿಯೂ ಅದೇ ನ್ಯಾಯ.

೭. ಮತ್ತೆ ಕಾಣಲಾಗದುವು

ಕಡೆಯದಾಗಿ, ಮರುನೋಟಕ್ಕೆ ಎಂದೆಂದಿಗೂ ಎರವಾದ ಚಿತ್ರಗಳನ್ನು ಕುರಿತು ಒಂದೆರಡು ಮಾತು. ಕನ್ನಡದ ಮೊದಲ ವಾಕ್ಚಿತ್ರವೆಂದು ಮೇಲೆ ಹೆಸರಿಸಿದ 'ಸತಿ ಸುಲೋಚನ'ದ ಪ್ರತಿ ಇಂದು ಉಳಿದಿಲ್ಲ. ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ'ದ (೧೯೩೧) ಗತಿಯೂ ಇದೇ. ಆ ಕಾಲದ ಚಿತ್ರಗಳನ್ನು ಮುದ್ರಿಸುತ್ತಿದ್ದ ನೈಟ್ರೇಟ್ ಫಿಲ್ಮು ಬೇಗನೆ ಹೊತ್ತಿಕೊಳ್ಳುವ, ಇಟ್ಟಲ್ಲಿಯೇ ಕೊಳೆಯುವ ವಸ್ತು. ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ಸ್ಥಾಪಿತವಾದುದು ೧೯೬೪ರಲ್ಲಿ. ಅಷ್ಟರಲ್ಲಿ ಬಹಳಷ್ಟು ಹೋಗಿದ್ದಿತು. ಉಳಿದುದರಲ್ಲಿಯೂ ಒಂದು ಭಾಗ ೨೦೦೩ರಲ್ಲಿ ಪುಣೆಯಲ್ಲೇ ಸಂಭವಿಸಿದ ಬೆಂಕಿಯ ಅನಾಹುತದಲ್ಲಿ ಸುಟ್ಟುಹೋಯಿತು.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಫಿಲ್ಮಿನ ಪ್ರತಿಯೊಂದು ಪ್ರದರ್ಶನವೂ ಆ ಪ್ರತಿಯನ್ನು ಸ್ವಲ್ಪ ಸವೆಸುತ್ತದೆ. ಜನರು ಯಾವ ಚಿತ್ರವನ್ನು ಹೆಚ್ಚು ಪ್ರೀತಿಸಿದರೋ ಅದರ ರೀಲುಗಳೇ ಹೆಚ್ಚು ಹರಿದವು, ಹೆಚ್ಚು ಗೆರೆಬಿದ್ದವು. ಆದರೆ ಪ್ರೀತಿಸಿದ ಚಿತ್ರಕ್ಕೇ ಹೊಸ ಪ್ರತಿಗಳು ತಯಾರಾದುವು. ಪ್ರೀತಿಸಿದ ಚಿತ್ರವನ್ನೇ ಕ್ಯಾಸೆಟ್ಟಿಗೆ ಇಳಿಸಿದರು, ಬಣ್ಣ ಹಚ್ಚಿದರು, ಜೋಪಾನ ಮಾಡಿದರು. ಪ್ರೀತಿ ಪ್ರತಿಯನ್ನು ಸವೆಸಿ ಚಿತ್ರವನ್ನು ಉಳಿಸಿತು. ಯಾರೂ ಮರಳಿ ಕೇಳದ ಚಿತ್ರ ಗೆರೆಯಿಲ್ಲದ ಪ್ರತಿಯೊಡನೆ ಗೋದಾಮಿನಲ್ಲಿಯೇ ನಾಶವಾಯಿತು. ಆದುದರಿಂದ ಇಂದು ನಮಗೆ ಲಭ್ಯವಿರುವ ಚಿತ್ರಗಳ ಪಟ್ಟಿಯನ್ನು ಅಂದಿನ ಚಿತ್ರರಂಗದ ಪೂರ್ಣ ಪ್ರತಿಬಿಂಬವೆಂದು ತಿಳಿಯುವುದು ಪ್ರಮಾದ. ಅದು ಮರುನೋಟದ ಜರಡಿಯಲ್ಲಿ ಉಳಿದ ಕಾಳು. ಜನಪ್ರೀತಿ ಮಾತ್ರವೇ ಕಾವಲಾದರೆ ಸಾಲದೆಂಬುದಕ್ಕೆ, ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (೧೯೭೭) ನಿದರ್ಶನ. ಆ ಚಿತ್ರ ಜೀರ್ಣೋದ್ಧಾರಗೊಂಡು ೨೦೨೪ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾದುದು ಟಿಕೇಟುಗಳ ಬಲದಿಂದಲ್ಲ. ಅದನ್ನು ಉಳಿಸತಕ್ಕುದೆಂದು ಕೆಲವರು ನಿಶ್ಚಯಿಸಿ ದುಡಿದುದರಿಂದ.

ಚಿತ್ರದ ಪ್ರತಿಗಳನ್ನು ಕಾಪಾಡುವುದು ಸಂಗ್ರಹಾಲಯಗಳ ಕೆಲಸ. ಆದರೆ ಮರುನೋಟದ ನೆನಪುಗಳನ್ನು ಕಾಪಾಡುವ ಸಂಗ್ರಹಾಲಯವಿಲ್ಲ. ಅವು ಹಿರಿಯರೊಡನೆ ದಿನದಿನಕ್ಕೆ ಹೋಗುತ್ತಿವೆ. ಟೆಂಟಿನಲ್ಲಿ ಕುಳಿತು ಚಿತ್ರ ಕಂಡವರು ಇಂದು ವೃದ್ಧಾಪ್ಯದಲ್ಲಿದ್ದಾರೆ. ಕಾಲೇಜುಗಳ ಅಧ್ಯಾಪಕಮಿತ್ರರೂ ವಿದ್ಯಾರ್ಥಿಗಳೂ ರಜೆಯಲ್ಲಿ ಊರಿಗೆ ಹೋದಾಗ ಮನೆಯ ಹಿರಿಯರನ್ನು ಕೆಲವೇ ಪ್ರಶ್ನೆಗಳನ್ನು ಕೇಳಿ ಬರೆದಿಟ್ಟುಕೊಳ್ಳಬೇಕೆಂದು ನಮ್ಮ ಕೋರಿಕೆ. ಹೆಚ್ಚು ಸಲ ನೋಡಿದ ಚಿತ್ರ ಯಾವುದು? ಮ ೊದಲು ಕರೆದುಕೊಂಡು ಹೋದವರು ಯಾರು? ಆಮೇಲೆ ನೀವು ಯಾರಿಗೆ ತೋರಿಸಿದಿರಿ? ಯಾವ ಎಡೆಯಲ್ಲಿ ಎದ್ದುಹೋಗಬೇಕೆನಿಸುತ್ತದೆ? ಪೆಟ್ಟಿಗೆಯ ತಳದಲ್ಲಿ ಹಾಡಿನ ಪುಸ್ತಕವೋ ಕರಪತ್ರವೋ ಸಿಕ್ಕರೆ ಅದನ್ನು ಎಸೆಯದೆ, ಯಾರದು, ಎಲ್ಲಿಯದು ಎಂಬ ವಿವರವನ್ನು ಬರೆದು ಕಾಪಾಡಬೇಕು.

ಉತ್ತರ ಕೊಡುವವರು ಕಥೆಯನ್ನು ಬಿಟ್ಟು ಬೇರೇನೋ ಹೇಳತೊಡಗಿದರೆ ತಡೆಯಬಾರದು. ನಮಗೆ ಬೇಕಾದುದು ಅಲ್ಲಿಯೇ ಇರುವ ಸಂಭವ ಹೆಚ್ಚು.